ಕಲ್ಯಾಣಕ್ಕೆ ಬಂದ ಅನುದಾನ

ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಗಳ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಮನಾಬಾದನ್ನು ದಾಟಿ ಮುಂದೆ ಹೋದರೆ ಸಸ್ತಾಪುರ ಬಂಗ್ಲಾ ಎಂಬ ಕೂಡುದಾರಿ ಸಿಗುತ್ತದೆ. ಅಲ್ಲಿಂದ ಹೊರಳಿದರೆ ಕೆಲವೇ ಕಿಲೋಮೀಟರುಗಳಲ್ಲಿ ಬಸವಕಲ್ಯಾಣ. ಈ ಊರಿಗೆ ಬರುವವರಿಗೆ ಮೊದಲು ಎದುರಾಗುವುದು ಕೋಟೆಯೂ ಅಲ್ಲ, ಮಂಟಪವೂ ಅಲ್ಲ. ಹಳೆಯ ಲಾರಿಗಳನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರುವ ಆಟೋನಗರ. ಕಬ್ಬಿಣದ ಸದ್ದು, ಎಣ್ಣೆಯ ಕಮಟು, ಬೆಸುಗೆಯ ಕಿಡಿ. ಶರಣಕ್ಷೇತ್ರದ ದರ್ಶನಕ್ಕೆಂದು ಬಂದ ಯಾತ್ರಿಕರು ಇದನ್ನು ಕಂಡು ಮೂಗು ಮುರಿಯುವುದುಂಟು. ನಮಗೆ ಹಾಗೆ ಅನ್ನಿಸಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ, ಪಾದರಕ್ಷೆ ಹೊಲಿದ ಹರಳಯ್ಯ, ಬಟ್ಟೆ ಮಡಿಮಾಡಿದ ಮಾಚಯ್ಯ ಇವರೆಲ್ಲ ಸೇರಿದ ಊರು ಸದ್ದಿಲ್ಲದ ಊರಾಗಿದ್ದೀತೆ?

ಹನ್ನೊಂದನೆಯ ಶತಮಾನದಲ್ಲಿ ಮೊದಲನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಕಲ್ಯಾಣದ ಕೀರ್ತಿ ಕಾಶ್ಮೀರದವರೆಗೆ ಹಬ್ಬಿತ್ತು. ಅಲ್ಲಿಂದ ಬಂದ ಬಿಲ್ಹಣನು ಈ ಅರಸನ ಮೇಲೆ ಕಾವ್ಯ ಬರೆದನು. ವಿಜ್ಞಾನೇಶ್ವರನ ಮಿತಾಕ್ಷರವೂ ಈ ಆಸ್ಥಾನದ ಫಲವೇ. ಕಲಚುರ್ಯ ಬಿಜ್ಜಳನ ಕಾಲದಲ್ಲಿ ಬಸವಣ್ಣನವರು ಇಲ್ಲಿದ್ದರು. ಅದನ್ನು ನಮ್ಮ ವಾಚಕರಿಗೆ ವಿಸ್ತರಿಸಬೇಕಾಗಿಲ್ಲ. ಅನಂತರದ ಶತಮಾನಗಳಲ್ಲಿ ಊರು ಕುಗ್ಗುತ್ತ ಬಂದು, ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿ ಎಂಬ ಹೆಸರಿನ ಒಂದು ಜಹಗೀರಿಯಾಗಿ ಉಳಿಯಿತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನಗೊಂಡು, 1956ರಲ್ಲಿ ಬೀದರ ಜಿಲ್ಲೆ ಕನ್ನಡ ನಾಡನ್ನು ಸೇರಿದಾಗ, ಇದು ರಾಜಧಾನಿಯ ನೆನಪನ್ನು ಹೊತ್ತ ಒಂದು ಗ್ರಾಮೀಣ ಪಟ್ಟಣ, ಅಷ್ಟೇ.

ಇಂತಹ ಪಟ್ಟಣವನ್ನು ಮತ್ತೆ ಎತ್ತಿ ನಿಲ್ಲಿಸುವ ಪ್ರಯತ್ನಕ್ಕೆ ಎರಡು ಮುಖಗಳಿವೆ. ಒಂದು ಭಕ್ತರದು, ಇನ್ನೊಂದು ಸರಕಾರದ್ದು. ಕಾಲಕ್ರಮದಲ್ಲಿ ಭಕ್ತರದೇ ಮೊದಲು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1890-1999) ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರೆಂದು ನಾಡಿಗೆಲ್ಲ ಗೊತ್ತು. ಆ ಮಹನೀಯರೇ ಜೋಳಿಗೆ ಹಿಡಿದು ಊರೂರು ಸುತ್ತಿ ಬಸವಕಲ್ಯಾಣದಲ್ಲಿ ಅನುಭವ ಮಂಟಪವನ್ನು ಕಟ್ಟಿಸಿದರು. ಆ ಮಂಟಪದ ಒಳಗೆ ಕುಳಿತಾಗ ನಮಗೆ ಹೊಳೆದದ್ದಿಷ್ಟು: ಜೋಳಿಗೆಗೆ ಒಂದು ಸೇರು ಜೋಳ ಹಾಕಿದ ಮನೆಯವರು ಮರುವರ್ಷ ಬಂದು ತಮ್ಮ ಜೋಳ ಎಲ್ಲಿ ಗೋಡೆಯಾಗಿದೆ ಎಂದು ನೋಡುತ್ತಾರೆ, ಗೋಡೆಯಲ್ಲಿ ಬಿರುಕು ಕಂಡರೆ ಕೇಳುತ್ತಾರೆ.

ಸರಕಾರದ ಹಣ ತಡವಾಗಿ ಬಂದಿತು. ಪ್ರಾದೇಶಿಕ ಅಸಮತೋಲನವನ್ನು ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ, ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದಲ್ಲೇ ಇವೆಯೆಂದು ತೋರಿಸಿತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ಈ ಭಾಗಕ್ಕೆ ಪ್ರತ್ಯೇಕ ಮಂಡಳಿ ರಚನೆಯಾಯಿತು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಅದಕ್ಕೂ ಮೊದಲೇ, 2005ರ ಕಾಯಿದೆಯ ಮೂಲಕ, ಬಸವಕಲ್ಯಾಣಕ್ಕೆಂದೇ ಒಂದು ಅಭಿವೃದ್ಧಿ ಮಂಡಳಿ ಹುಟ್ಟಿತ್ತು. 2021ರ ಜನವರಿ 6ರಂದು ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ಮಾಡಿದರು. ಆಗ ಪ್ರಕಟಿಸಿದ ಅಂದಾಜು 500 ಕೋಟಿ ರೂಪಾಯಿ. ವಿಸ್ತೀರ್ಣ ಏಳೂವರೆ ಎಕರೆ. ಶರಣರ ಸಂಖ್ಯೆಯ ಸಂಕೇತವಾಗಿ 770 ಕಂಬಗಳು. ನಾವು ಕಂಡಾಗ ಕೆಲಸ ನಡೆದಿತ್ತು. ಆ ಗಾತ್ರವನ್ನು ಕಂಡು ಹೃದಯ ತುಂಬಿತೆಂಬುದನ್ನು ಮುಚ್ಚಿಡಲಾರೆವು.

ಆದರೆ ಶಾಸನಗಳನ್ನು ಓದಿ ಬೆಳೆದ ಕಣ್ಣಿಗೆ ಒಂದು ಕೊರತೆ ಕಾಣುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಯಾವುದೇ ದಾನಶಾಸನವನ್ನು ತೆಗೆದುಕೊಳ್ಳಿ. ಅರಸನೋ ದಂಡನಾಯಕನೋ ದೇಗುಲವನ್ನು ಕಟ್ಟಿಸಿ, ಇಷ್ಟು ಮತ್ತರು ಭೂಮಿಯನ್ನು ಬಿಡುತ್ತಾನೆ. ಆ ಭೂಮಿ ಏತಕ್ಕೆ? ಅಂಗಭೋಗ, ರಂಗಭೋಗ, ತಪೋಧನರ ಆಹಾರದಾನ, ವಿದ್ಯಾದಾನ. ಅವುಗಳ ಜೊತೆಗೆ ತಪ್ಪದೆ ಬರುವ ಮಾತು "ಖಂಡಸ್ಫುಟಿತ ಜೀರ್ಣೋದ್ಧಾರ". ಮುರಿದದ್ದು, ಒಡೆದದ್ದು, ಹಳತಾದದ್ದು ಇವುಗಳ ದುರಸ್ತಿ. ಕಟ್ಟಡ ನಿಂತ ದಿನವೇ ಅದು ಒಂದು ದಿನ ಸೀಳುವುದೆಂದು ಒಪ್ಪಿಕೊಂಡು, ಆ ದಿನಕ್ಕೂ ಹಣ ತೆಗೆದಿಟ್ಟವರು ನಮ್ಮ ಹಿರಿಯರು. ಕೆರೆಯ ವಿಷಯದಲ್ಲೂ ಹೀಗೆಯೇ. ಕೆರೆ ಕಟ್ಟಿದವನಿಗೆ ಕಟ್ಟುಗೊಡಗೆ. ಕೆರೆಯ ಪಾಲನೆಗೆ ಬಿತ್ತುವಟ್ಟ.

ಇನ್ನೂ ಒಂದು ಸಂಗತಿಯುಂಟು. ಅರಸನ ದತ್ತಿಯನ್ನು ಕಾಯುವ ಹೊಣೆ ಅರಸನ ಅಧಿಕಾರಿಯ ಮೇಲಷ್ಟೇ ಇರಲಿಲ್ಲ. ಮಹಾಜನರು, ನಖರಗಳು, ಅಯ್ಯಾವೊಳೆ ಐನೂರ್ವರು, ತೆಲ್ಲಿಗರ ಒಕ್ಕಲುಗಳು, ಇಂದಿನ ಮಾತಿನಲ್ಲಿ ಹೇಳುವುದಾದರೆ ಊರಿನ ಸಂಘ ಸಂಸ್ಥೆಗಳು, ತಾವೂ ಗಾಣಕ್ಕಿಷ್ಟು ಎಣ್ಣೆ, ಹೇರಿಗಿಷ್ಟು ಸುಂಕವೆಂದು ಸೇರಿಸಿ ದತ್ತಿಯನ್ನು ತಮ್ಮದಾಗಿಸಿಕೊಳ್ಳುತ್ತಿದ್ದರು. ರಾಜಭಂಡಾರದ ದೊಡ್ಡ ಹಣ, ಊರವರ ಸಣ್ಣ ಹಣ: ಎರಡೂ ಒಂದೇ ಕಲ್ಲಿನ ಮೇಲೆ ದಾಖಲಾಗುತ್ತಿದ್ದವು.

ಇಂದಿನ ಅನುದಾನದ ದಾರಿ ಬೇರೆ. ಆಯವ್ಯಯದಲ್ಲಿ ಘೋಷಣೆ, ಅಂದಾಜುಪಟ್ಟಿ, ಟೆಂಡರು, ಮೊದಲ ಕಂತು, ಬಳಕೆಯ ಪ್ರಮಾಣಪತ್ರ, ಎರಡನೆಯ ಕಂತು, ಉದ್ಘಾಟನೆ. ಅಲ್ಲಿಗೆ ಕಡತ ಮುಗಿಯುತ್ತದೆ. ಬೆಳಗುವ, ಗುಡಿಸುವ, ಸೋರುವ ಮಾಳಿಗೆಗೆ ಗಾರೆ ಹಾಕುವ ಖರ್ಚು ಬಹುತೇಕ ಸ್ಥಳೀಯ ಸಂಸ್ಥೆಯ ಕೊರಳಿಗೆ ಬೀಳುತ್ತದೆ. 2011ರ ಜನಗಣತಿಯಂತೆ ಈ ಊರಿನ ಜನಸಂಖ್ಯೆ ಸುಮಾರು 70 ಸಾವಿರ. ಇಷ್ಟು ಜನರ ಮನೆತೆರಿಗೆ, ನೀರಿನ ಕರದಿಂದ ನಗರಸಭೆಯೊಂದು ಎಷ್ಟನ್ನು ಹೊತ್ತೀತು? ಹದಿನೈದನೆಯ ಹಣಕಾಸು ಆಯೋಗ 2021-26ರ ಅವಧಿಗೆ ಇಂತಹ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ನೂರಕ್ಕೆ ಅರವತ್ತು ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅದು ತಕ್ಕದ್ದೇ. ಆದರೆ ಸ್ಮಾರಕದ ಮಾಳಿಗೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಇದೇ ಪ್ರವಾಸದಲ್ಲಿ ನಾವು ತಂಗಿದ್ದ ಬೇರೊಂದು ಚಿಕ್ಕ ಊರಿನಲ್ಲಿ, ಹೆಸರು ಬೇಡ, ಅನುದಾನದಿಂದ ನಿಲ್ಲಿಸಿದ ಸಾಲುದೀಪಗಳೆಲ್ಲ ಆರಿದ್ದವು. ಚಹಾದಂಗಡಿಯ ಯಜಮಾನರನ್ನು ಕೇಳಿದೆವು. "ಹಾಕಿ ಹೋದ್ರಿ ಅಪ್ಪೋರೆ, ಎರಡನೆ ಮಳಿಗಾಲಕ್ಕ ಆರ್ದವು. ಈ ಆಫೀಸಿಗಿ ಕೇಳದ್ರ ಆ ಆಫೀಸಿಂದು ಅಂತಾರ, ಅಲ್ಲಿ ಹೋದ್ರ ಇವರದೇ ಅಂತಾರ." ಹೀಗೆಂದು ಅವರು ನಕ್ಕರು, ನಮಗೆ ನಗು ಬರಲಿಲ್ಲ.

ಹಾಗೆಂದು ಮಠಗಳು, ಸಂಘಗಳು ಸರಕಾರದ ಹಣವನ್ನು ಮುಟ್ಟಬಾರದೆಂದು ವಾದಿಸುವವರ ಪಕ್ಷ ನಮ್ಮದಲ್ಲ. ಅದು ಜನರದೇ ಹಣ. ಆದರೆ ಮುಟ್ಟಿದವರು ಲೆಕ್ಕ ತೋರಿಸಬೇಕು, ಬೀದಿಯ ಜನಕ್ಕೆ ಕಾಣುವಂತೆ. ಈ ಪ್ರಶ್ನೆ ಕಲ್ಯಾಣಕ್ಕೆ ಹೊಸದೂ ಅಲ್ಲ. ಭಂಡಾರಿ ಬಸವಣ್ಣನವರು ರಾಜನ ಹೊನ್ನನ್ನು ಜಂಗಮ ದಾಸೋಹಕ್ಕೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಿಗೆ ದೂರಿದರೆಂದೂ, ಭಂಡಾರವನ್ನು ತೆರೆಸಿ ಎಣಿಸಿದಾಗ ಒಂದು ಹಾಗವೂ ಕಡಿಮೆಯಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣಕಾರರು ಇದನ್ನು ಪವಾಡವೆಂದು ವರ್ಣಿಸಿದ್ದಾರೆ. ನಮಗೆ ಅದಕ್ಕಿಂತ ಮುಖ್ಯವೆನಿಸುವುದು, ಪೆಟ್ಟಿಗೆಯನ್ನು ತೆರೆಯಿರಿ ಎಂದಾಗ ಆ ಭಂಡಾರಿ ಹಿಂಜರಿಯಲಿಲ್ಲ ಎಂಬುದು.

ಆದುದರಿಂದ ಹೊಸ ಮಂಟಪದ ವಿಷಯದಲ್ಲಿ ನಮ್ಮ ಬಿನ್ನಹ ಸರಳ. ವೆಚ್ಚದ ಒಂದು ಪಾಲನ್ನು ಜೀರ್ಣೋದ್ಧಾರ ನಿಧಿಯಾಗಿ ಠೇವಣಿಯಿಡಬೇಕು. ಅಸಲನ್ನು ಮುಟ್ಟದೆ ಬಡ್ಡಿಯಿಂದ ಪಾಲನೆ ನಡೆಯಬೇಕು. ಆ ನಿಧಿಗೆ ನಮ್ಮ ಸಂಘಗಳೂ ಕಾಣಿಕೆ ಸೇರಿಸಲಿ. ಹಾಗೆ ಸೇರಿಸಿದರೆ ಮಾತ್ರ ವರ್ಷಕ್ಕೊಮ್ಮೆ ಲೆಕ್ಕ ಕೇಳುವ ಬಾಯಿ ನಮಗೆ ಬರುತ್ತದೆ. ಜಮಾಖರ್ಚನ್ನು ಮಂಟಪದ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ.

ಕಲ್ಯಾಣಕ್ಕೆ ಹೋಗುವವರು ಮಂಟಪವನ್ನಷ್ಟೇ ನೋಡಿ ಹಿಂದಿರುಗಬಾರದು. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವ ಪ್ರತಿಮೆಯನ್ನು ಎಲ್ಲರೂ ನೋಡುತ್ತಾರೆ, ಪರುಷಕಟ್ಟೆಗೂ ಹೋಗುತ್ತಾರೆ. ಕೋಟೆಗೂ ಅದರೊಳಗಿನ ವಸ್ತುಸಂಗ್ರಹಾಲಯಕ್ಕೂ ಅರ್ಧ ದಿನ ಬೇಕು. ರಾಜಾ ಬಾಗಸವಾರರ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ತ್ರಿಪುರಾಂತ ಕೆರೆ, ಅಕ್ಕನಾಗಮ್ಮ, ನುಲಿಯ ಚಂದಯ್ಯನವರ ಹೆಸರಿನ ಗವಿಗಳು, ಸಮೀಪದ ನಾರಾಯಣಪುರದಲ್ಲಿರುವ ಚಾಲುಕ್ಯ ಶಿವಾಲಯ ಇವನ್ನೂ ಬಿಡಬಾರದು. ಬಸವಜಯಂತಿಯ ಹೊತ್ತಿಗೆ ಬಿಸಿಲು ಬಲು ಕಟುವಾಗಿರುತ್ತದೆ. ವೃದ್ಧರೂ ಮಕ್ಕಳೂ ಜೊತೆಗಿದ್ದರೆ ದೀಪಾವಳಿ ಕಳೆದ ಮೇಲೆ ಹೊರಡುವುದು ಲೇಸು. ಆಗ ಗವಿಗಳ ಬಂಡೆಯ ಮೇಲೆ ಸಂಜೆಯವರೆಗೂ ಕುಳಿತುಕೊಳ್ಳಬಹುದು.