ಒಂದು ಚೊಂಬು ನೀರಿನ ಲೆಕ್ಕ

ಹಳೆಯ ಕಾರುಗಳನ್ನು ಇಟ್ಟುಕೊಂಡವರಲ್ಲಿ ಒಂದು ಮಾತು ರೂಢಿಯಲ್ಲಿದೆ: “ಗಾಡಿ ಸ್ವಲ್ಪ ನೀರು ಕುಡಿಯುತ್ತದೆ.” ಎತ್ತು ಎಮ್ಮೆಗಳು ಕುಡಿದ ಹಾಗೆ ಇದೂ ಸಹಜವೆಂಬ ಭಾವ ಆ ಮಾತಿನಲ್ಲಿದೆ. ಆದರೆ ಎಂಜಿನ್ನನ್ನು ತಣಿಸುವ ನೀರು ಮುಚ್ಚಿದ ದಾರಿಯಲ್ಲಿ ಸುತ್ತುವಂಥದು, ದಿನದಿನವೂ ಖರ್ಚಾಗುವಂಥದಲ್ಲ. ಮತ್ತೆ ಮತ್ತೆ ಕಡಮೆಯಾಗುತ್ತಿದ್ದರೆ ಎಲ್ಲಿಯೋ ಸೋರುತ್ತಿದೆ ಎಂದೇ ತಿಳಿಯಬೇಕು.

ನಮ್ಮ ಮನೆಯ ಮಾರುತಿ 800 ಇನ್ನೊಬ್ಬರಿಂದ ಕೊಂಡದ್ದು. “ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿ, ಸಾಕು” ಎಂಬುದು ಕೊಟ್ಟವರ ಉಪದೇಶ. ತಾಳವಾಡಿಯ ಸುತ್ತಿನ ದಾರಿಗಳಿಗೆ ಅಷ್ಟು ಸಾಕಾಗುತ್ತಿತ್ತೇನೋ. ಆದರೆ ತಿಂಗಳಿಗೊಮ್ಮೆ ತಾಯಿಯವರನ್ನು ಸತ್ಯಮಂಗಲದ ವೈದ್ಯರಲ್ಲಿಗೆ ಕರೆದೊಯ್ಯಬೇಕಿತ್ತು. ಹಿಂದಿರುಗುವಾಗ ಬಣ್ಣಾರಿಯಿಂದ ದಿಂಬಂವರೆಗೆ 27 ಹೇರ್‌ಪಿನ್ ತಿರುವುಗಳ ಏರು. ಮುಂದೆ ಲಾರಿಗಳ ಸಾಲು. ಇಕ್ಕೆಲದಲ್ಲಿ ಆನೆಗಳಿರುವ ಕಾಡು. ಅಲ್ಲಿ ಎಂಜಿನ್ ಕಾದು ನಿಂತರೆ ಎಪ್ಪತ್ತು ದಾಟಿದ ಜೀವವನ್ನು ಎಲ್ಲಿ ಕೂರಿಸುವುದು?

ಕಾರನ್ನು ಊರಿನ ಹಿರಿಯ ಮೆಕ್ಯಾನಿಕ್ಕರಿಗೆ ತೋರಿಸಿದೆ. “ನೀರು ಹಾಕೋದು ಆಮೇಲೆ ಸಾರ್, ಮೊದಲು ಅದು ಎಲ್ಲಿಗೆ ಹೋಗ್ತದೆ ನೋಡೋಣ” ಎಂದರು.

ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿದೆವು. ಹನಿ ಬಿದ್ದ ಜಾಗದ ನೇರ ಮೇಲೆಯೋ ಅದರ ಆಸುಪಾಸಿನಲ್ಲೋ ಸೋರಿಕೆ ಇರುತ್ತದೆ. ರಬ್ಬರ್ ಕೊಳವೆಗಳ ತುದಿಯಲ್ಲಿ ಬಿಳಿಯ ಉಪ್ಪಿನ ಪೊರೆ ಕಟ್ಟಿದ್ದರೆ ಅದೂ ಗುರುತು. ನೀರಿನ ಪಂಪಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಒಳಗಿನ ಸೀಲು ಸವೆದರೆ ಅಲ್ಲಿಂದ ನೀರು ಜಿನುಗಿ ಸುಳಿವು ಕೊಡುತ್ತದೆ. ಹೊರಗೆಲ್ಲೂ ಹನಿಯಿಲ್ಲದೆ ಹೊಗೆ ಬೆಳ್ಳಗೆ ಬರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಿದ್ದರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿದೆಯೆಂದು ಸಂಶಯಪಡಬೇಕು.

ಬೆಳಿಗ್ಗೆ ನಮ್ಮ ಪತ್ರಿಕೆ ಒಣಗಿಯೇ ಇತ್ತು. ಮೆಕ್ಯಾನಿಕ್ಕರು ಆಗ ರೇಡಿಯೇಟರಿನ ಬಾಯಿಗೆ ಒತ್ತಡ ಅಳೆಯುವ ಕೈಪಂಪು ಸಿಕ್ಕಿಸಿ, ಮುಚ್ಚಳದ ಮೇಲೆ ನಮೂದಿಸಿದ ಒತ್ತಡದಷ್ಟೇ ಗಾಳಿ ತುಂಬಿದರು. ಮುಳ್ಳು ಮೆಲ್ಲಗೆ ಇಳಿಯಿತು. ಕೆಳಗಿನ ಕೊಳವೆಯ ಬಿರುಕಿನಲ್ಲಿ ಒಂದು ಹನಿ ಕಾಣಿಸಿಕೊಂಡಿತು. ತಣ್ಣಗಿರುವಾಗ ಮುಚ್ಚಿಕೊಂಡು ಒತ್ತಡ ಬಂದಾಗ ಬಾಯಿಬಿಡುವ ಬಿರುಕು ಅದು. ಮುಚ್ಚಳದ ರಬ್ಬರೂ ಗಟ್ಟಿಯಾಗಿ ಹೋಗಿತ್ತು.

ಮುಚ್ಚಳ ಅಲ್ಪ ವಸ್ತುವಲ್ಲ. ಅಡಿಗೆಮನೆಯ ಕುಕ್ಕರಿನ ತತ್ತ್ವವೇ ಇಲ್ಲಿಯೂ ಇದೆ: ಒತ್ತಡವಿದ್ದರೆ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದು. ಬೆಟ್ಟವೇರಿದಂತೆ ಕುದಿಯುವ ಉಷ್ಣತೆ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿ ಇಳಿಯುತ್ತದೆ. ಒತ್ತಡ ಹಿಡಿಯಲಾರದ ಮುಚ್ಚಳವಿರುವ ಗಾಡಿ ಘಾಟಿಯಲ್ಲೇ ಕುದಿಯುವುದು ಇದರಿಂದಲೇ.

ಎರಡು ಕೊಳವೆ, ಅವುಗಳ ಕ್ಲಿಪ್ಪು, ಒಂದು ಮುಚ್ಚಳ ಬದಲಾದವು. ಹಳೆಯ ನೀರನ್ನು ಹರಿಯಬಿಟ್ಟು, ಕೂಲೆಂಟನ್ನೂ ಭಟ್ಟಿ ಇಳಿಸಿದ ನೀರನ್ನೂ ಸಮಪಾಲು ಬೆರೆಸಿ ತುಂಬಿದೆವು. ಬೋರ್‌ವೆಲ್ಲಿನ ಗಡುಸು ನೀರು ಒಳಗೆ ಉಪ್ಪು ಕಟ್ಟಿಸುತ್ತದೆ. ರೇಡಿಯೇಟರಿಗೆ ಅರಿಶಿನಪುಡಿ ಹಾಕುವ ಹಳೆಯ ಉಪಾಯವೂ ಉಂಟು. ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅದು ಆ ಹೊತ್ತಿಗೆ ಒದಗೀತು, ಆದರೆ ಸಣ್ಣ ನಾಳಗಳನ್ನು ಕಟ್ಟಿಬಿಡಬಹುದು. ಈ ಕಾರಿನ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಒಮ್ಮೆ ಮಿತಿಮೀರಿ ಕಾದರೆ ಡೊಂಕಾಗಬಹುದು. ಕೊಳವೆಗೆ ತಗಲುವುದು ಕೆಲವು ನೂರು ರೂಪಾಯಿ. ಹೆಡ್ಡಿಗೆ ಅದರ ಅನೇಕ ಪಾಲು.

ಆ ಬಳಿಕ ತಾಯಿಯವರು ದಿಂಬಂ ಏರನ್ನು ಎಷ್ಟೋ ಸಲ ಹತ್ತಿದ್ದಾರೆ; ಹೆಚ್ಚಾಗಿ ನಿದ್ದೆಯಲ್ಲಿಯೇ.

ಹಳೆಯ ಕಾರುಳ್ಳ ಮನೆಯವರು ಎರಡು ಸಂಗತಿಗಳನ್ನು ಮರೆಯಬಾರದು. ಎಂಜಿನ್ ಬಿಸಿಯಿರುವಾಗ ಮುಚ್ಚಳ ತೆಗೆಯಕೂಡದು. ಕುದಿನೀರು ಚಿಮ್ಮಿ ಮುಖ ಸುಟ್ಟೀತು. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಅಂಗಳದಲ್ಲಿ ಚೆಲ್ಲಿದ್ದನ್ನು ಮಕ್ಕಳು, ನಾಯಿಗಳು ಮುಟ್ಟುವ ಮೊದಲೇ ತೊಳೆದುಬಿಡಬೇಕು.