ಚಿಗಟಕ್ಕೂ ಸ್ತೋತ್ರ

1944. ಜರ್ಮನಿಯ ರಾವೆನ್ಸ್‌ಬ್ರುಕ್ ಮಹಿಳಾ ಸೆರೆಶಿಬಿರ. ನಾರುವ ಹುಲ್ಲುಹಾಸಿನ ಮೇಲೆ ಮೈಚಾಚುವಷ್ಟರಲ್ಲಿ ಚಿಗಟಗಳು ಮುತ್ತಿಕೊಂಡವು. ಕೋರಿ ಟೆನ್ ಬೂಮ್ ಕಂಗಾಲಾದರೆ, ಅಕ್ಕ ಬೆಟ್ಸಿ ಈ ಚಿಗಟಗಳಿಗಾಗಿಯೂ ದೇವರಿಗೆ ಸ್ತೋತ್ರ ಹೇಳೋಣ ಎಂದರು. ಕೋರಿಗೆ ಮನಸ್ಸು ಒಪ್ಪಲಿಲ್ಲ. ಯಾರಿಗೆ ತಾನೇ ಒಪ್ಪೀತು?

ಹಾಲೆಂಡಿನ ಹಾರ್ಲೆಮ್‌ನಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದ ಮನೆತನ ಅವರದು. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ್ದೇ ಅಪರಾಧವಾಯಿತು. 84ರ ಅಪ್ಪ ಸೆರೆಯಾದ ಹತ್ತೇ ದಿನಕ್ಕೆ ತೀರಿಕೊಂಡಿದ್ದರು.

ಶಿಬಿರದಲ್ಲಿ ಆಮೇಲೆ ತಿಳಿಯಿತು: ಚಿಗಟದ ಭಯಕ್ಕೆ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ. ಹಾಗಾಗಿಯೇ ಮಂಕು ಬಲ್ಬಿನ ಕೆಳಗೆ, ಮರೆಮಾಚಿ ತಂದ ಬೈಬಲ್ ಬಿಚ್ಚಿ ಓದಲು ಆಗುತ್ತಿತ್ತು. ಡಚ್ ಸಾಲುಗಳು ಪಿಸುಮಾತಿನಲ್ಲಿ ಜೊತೆ ಸೆರೆಯಾಳುಗಳ ಬೇರೆ ಬೇರೆ ಭಾಷೆಗಳಿಗೆ ದಾಟುತ್ತಿದ್ದವು.

ಬೆಟ್ಸಿ ಸ್ತೋತ್ರ ಹೇಳಿದ್ದು ಇದು ಗೊತ್ತಾಗುವ ಮೊದಲೇ. ಮನಸ್ಸು ಕಲಕುವುದು ಅದೇ.

ಡಿಸೆಂಬರ್ 16ರಂದು ಅವರು ಶಿಬಿರದಲ್ಲೇ ಕಣ್ಮುಚ್ಚಿದರು. ಎರಡೇ ವಾರದೊಳಗೆ ಕೋರಿಗೆ ಬಿಡುಗಡೆಯಾಯಿತು.