ಅಕ್ಕಾರ, ಆ ಗುಳಿಗಿ ಬಗ್ಗೆ ಗೊತ್ತೈತೇನ್ರಿ?

ಹಪ್ಪಳ, ಸಂಡಿಗಿ, ಅತ್ತಿ-ಸೊಸಿ ಅಂತ ಬರಕೊಂಡ ಬಂದಾಕಿ ನಾನು. ಇವತ್ತಿಂದು ಬ್ಯಾರೆ ಮಾತು. "ಹುಡುಗ್ಯಾರು ಬಾಜೂಕ ಇದ್ರ ಆಮ್ಯಾಲ ಓದ್ರಿ" ಅಂತ ಮದ್ಲ ಬರದಿದ್ದೆ, ಆಮ್ಯಾಲ ಅಳಸಿದೆ. ವಯಸ್ಸಿಗೆ ಬಂದ ಹೆಣ್ಮಕ್ಕಳಿದ್ರ ಅವರನ್ನೂ ಕರಕೊಂಡ ಓದ್ರಿ.

2022ರ ಮಳಿಗಾಲ. ಮಧ್ಯಾಹ್ನ ಕಟ್ಟಿ ಮ್ಯಾಲ ಕೂತು ಮೆಂತೆ ಪಲ್ಲೆ ಸೋಸಾಕತ್ತಿದ್ದೆ. ಹಿಂದಿನ ಓಣಿ ಹುಡುಗಿ, ಎರಡು ಮಕ್ಕಳ ತಾಯಿ, ಬಂದು ಬಾಜೂಕ ಕೂತ್ಲು. ಸ್ವಲ್ಪ ಹೊತ್ತು ಸುಮ್ನ ನನ್ನ ಜೋಡಿ ಪಲ್ಲೆ ಸೋಸಿದ್ಲು. ಆಮ್ಯಾಲ ಸಣ್ಣ ದನಿಲೆ, "ಅಕ್ಕಾರ, ಮುಟ್ಟು ನಿಂತ್ರ ನುಂಗೂ ಗುಳಿಗಿ ಬರ್ತಾವಂತಲ್ರಿ, ಅದರ ಬಗ್ಗೆ ಗೊತ್ತೈತೇನ್ರಿ?" ಅಂದ್ಲು.

ನನಗ ಗೊತ್ತಿತ್ತು. ಆದ್ರ "ಅದೆಲ್ಲಾ ನನಗ ತಿಳಿಯಂಗಿಲ್ಲವ್ವಾ" ಅಂದು ಬುಟ್ಟಿ ಎತ್ಕೊಂಡು ಒಳಗ ಹೋದೆ.

ಹೆಂಗ ಗೊತ್ತಿತ್ತು ಅನ್ನೋದು ಹೇಳ್ತೀನಿ. ಅದಕ್ಕ ಒಂದು ವರ್ಷದ ಹಿಂದ, 2021ರ ಫೆಬ್ರುವರಿಯಾಗ, ನನ್ನ ತಂಗಿ ಮಗಳು ಡಬ್ಲಿನ್ನಿಂದ ಫೋನ್ ಮಾಡಿದ್ಲು. (ಆಕಿನ್ನ ಕೇಳೇ ಬರದೀನಿ. ಯಾವ ತಂಗಿ, ಯಾವ ಮಗಳು ಅಂತ ಲೆಕ್ಕಾ ಹಾಕಬ್ಯಾಡ್ರಿ. ಸ್ವಂತದವರು, ಕಾಕಾನ ಮಕ್ಕಳು ಕೂಡಿ ನಾವು ಹನ್ನೊಂದು ಮಂದಿ ಅಕ್ಕತಂಗ್ಯಾರು ಅದೀವಿ.) ಕೈಯಾಗ ಹನ್ನೊಂದು ತಿಂಗಳ ಕೂಸು, ಮ್ಯಾಲ ಆರು ವಾರದ ಬಸಿರು. "ಮೌಶಿ, ನನ್ನ ಕೈಲೆ ಈಗ ಆಗಂಗಿಲ್ಲ. ಅವ್ವಗ ಹೇಳಬ್ಯಾಡ" ಅಂದ್ಲು.

ನನ್ನ ಕೈಕಾಲು ತಣ್ಣಗಾದ್ವು. ಬಸಿರಿಗಿಂತ ಹೆಚ್ಚು ಆ ದೇಶದ ಹೆಸರಿಗೆ. ನಮ್ಮ ಬೆಳಗಾವಿ ಮಗಳು ಸವಿತಾ ಹಾಲಪ್ಪನವರನ್ನ ನೀವ್ಯಾರೂ ಮರತಿರಂಗಿಲ್ಲ. 31 ವಯಸ್ಸಿನ ದಂತವೈದ್ಯಿ. 17 ವಾರದ ಬಸಿರು ತಾನ ಇಳ್ಯಾಕತ್ತಿತ್ತು, ಉಳ್ಯಾಂಗಿರಲಿಲ್ಲ. ತಗೀರಿ ಅಂತ ಕೇಳಿದ್ರೂ ಕೂಸಿನ ಎದಿಬಡಿತ ಇನ್ನೂ ಐತಿ ಅಂತ ತಗೀಲಿಲ್ಲ. ನಂಜೇರಿ 2012ರ ಅಕ್ಟೋಬರ್ 28ಕ್ಕ ಗಾಲ್‌ವೇ ಊರಾಗ ತೀರಕೊಂಡ್ಲು. ದೀಪಾವಳಿ ಹಬ್ಬದಾಗ ಟಿವಿಯೊಳಗ ಸುದ್ದಿ ಬಂದಾಗ ನಮ್ಮನ್ಯಾಗ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ.

"ಅದು ಆವಾಗಿನ ಕಾಯದೆ ಮೌಶಿ" ಅಂತ ಹುಡುಗಿನ ನನಗ ಸಮಾಧಾನ ಮಾಡಿದ್ಲು. ಸವಿತಾನ ಫೋಟೋ ಹಿಡಕೊಂಡು ಅಲ್ಲಿನ ಹೆಣ್ಮಕ್ಕಳು ಬೀದಿಗೆ ಇಳದ್ರು. 2018ರ ಮೇ 25ಕ್ಕ ಜನಾನ ಓಟು ಹಾಕಿದ್ರು, 2019ರ ಜನವರಿಯಿಂದ ಕಾಯದೆ ಬದಲಾತು. ಅದಕ್ಕೂ ಮದ್ಲ, ಜೈಲಿನ ಅಂಜಿಕಿ ಇದ್ದಾಗನೂ, ರೆಬೆಕ್ಕಾ ಗೊಂಪರ್ಟ್ಸ್ ಅನ್ನೋ ಡಚ್ ಡಾಕ್ಟರಮ್ಮ ಕಟ್ಟಿದ 'ವಿಮೆನ್ ಆನ್ ವೆಬ್' ಸಂಸ್ಥಾದಿಂದ ಅಲ್ಲಿನವರು ಟಪಾಲಿನಾಗ ಗುಳಿಗಿ ತರಿಸ್ಕೋತಿದ್ರಂತ. ಹಂಗ ನುಂಗಿದ ಸಾವಿರ ಮಂದಿ ಲೆಕ್ಕ 2017ರಾಗ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಳಗ ಬಂತು. ನೂರಕ್ಕ ಹತ್ತಿರಹತ್ತಿರ 95 ಮಂದಿಗೆ ಆಪರೇಶನ್ ಬೇಕಾಗ್ಲಿಲ್ಲ. ಸಾವಿರದಾಗ 7 ಮಂದಿಗೆ ರಕ್ತ ಏರಿಸಬೇಕಾತು. ಸತ್ತ ಸುದ್ದಿ ಒಂದೂ ಇಲ್ಲ.

ಕೊರೋನಾ ಬಂದ ಮ್ಯಾಲ ಡಾಕ್ಟರು ಫೋನಿನಾಗನ ಮಾತಾಡಿ ಗುಳಿಗಿ ಕೊಡೋ ಪದ್ಧತಿ ಬಂತು. ಫೋನಿನಾಗ ಏನು ನೋಡ್ತಾರ ಅಂತ ನಾ ಮೂಗು ಮುರದೆ. ಆದ್ರ ಎಷ್ಟು ಕೇಳ್ತಾರ ನೋಡ್ರಿ: ಕಡೀ ಮುಟ್ಟು ಯಾವ ತಾರೀಖಿಗೆ? ಒಂದ ಬಾಜೂ ಹೊಟ್ಟಿ ನೋಯ್ತೈತೇನು? ಹಿಂದ ನಳ್ಯಾಗ ಬಸಿರು ನಿಂತಿತ್ತೇನು? ಕಾಪರ್-ಟಿ ಒಳಗೈತೇನು? ರಕ್ತ ಕಡಿಮಿ ಐತೇನು? ಮನ್ಯಾಗ ಜೋಡಿ ಯಾರದಾರ? ದವಾಖಾನಿ ಎಷ್ಟು ದೂರ? ತಾರೀಖು ಸಂಶೆ ಇದ್ರ ಸ್ಕ್ಯಾನಿಂಗ್‌ಗೆ ಕಳಸ್ತಾರ. ನಳದಾಗಿನ ಬಸಿರಿಗೆ ಈ ಗುಳಿಗಿ ನಾಟಂಗಿಲ್ಲ, ನಳ ಒಡದ್ರ ಜೀವಕ್ಕ ಬರ್ತೈತಿ, ಅದಕ್ಕ ಇಷ್ಟೆಲ್ಲಾ. ಅಲ್ಲಿನ ಕಾಯದೆ ಪ್ರಕಾರ ಮೂರು ದಿನ ತಡದು, ಮತ್ತೊಮ್ಮೆ ಮಾತಾಡಿ, ಗುಳಿಗಿ ಕೊಟ್ರು. ಮನ್ಯಾಗ ನುಂಗೂದು ಒಂಬತ್ತು ವಾರದ ಒಳಗ ಇದ್ರಷ್ಟ.

ಮದ್ಲನೇ ಗುಳಿಗಿ ಮಿಫೆಪ್ರಿಸ್ಟೋನ್. ಬಸಿರು ಹಿಡಕೊಂಡಿರೋ ಹಾರ್ಮೋನನ್ನ ಅದು ತಡೀತೈತಿ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್, ಅದು ಗರ್ಭಚೀಲ ಹಿಂಡಿ ಹೊರಗ ಹಾಕ್ತೈತಿ. ಎರಡನೇದು ನುಂಗಿದ ರಾತ್ರಿ ನಾನು ವಾಟ್ಸಾಪ್ ಹಚ್ಕೊಂಡು ದೇವರ ಮನ್ಯಾಗ ಬಾಗಿಲಾ ಹಾಕ್ಕೊಂಡು ಕೂತಿದ್ದೆ. ನಮ್ಮನಿಯವರು ಅನುಷ್ಠಾನ ಅನ್ಕೊಂಡ್ರು! ಅಲ್ಲಿ ರಾತ್ರಿ ಒಂಬತ್ತು, ಇಲ್ಲಿ ನಸುಕಿನ ಎರಡೂವರಿ. ಹುಡುಗಿ ಬಿಸಿನೀರಿನ ಚೀಲ ಹೊಟ್ಟಿಗೆ ಒತ್ಕೊಂಡು ಮುದುಡಿ ಮಲಗಿದ್ಲು. ಗಂಡ ಕೂಸಿನ್ನ ಎತ್ಕೊಂಡು ಅಡ್ಡಾಡಾಕತ್ತಿದ್ದ. ರಕ್ತ ಭಾಳ ಹೊಂಟೈತಿ ಅಂತ ನಾ ಅಂಜಿದೆ. ಅಲ್ಲಿ ಸರಕಾರದ್ದ ಒಂದು ನಂಬರ್ ಐತಿ, ಹಗಲು ರಾತ್ರಿ ನರ್ಸ್ ಮಾತಾಡ್ತಾಳ. ಆಕಿ, "ದೊಡ್ಡ ಪ್ಯಾಡ್ ತಾಸಿಗೆ ಎರಡರಂಗ, ಸತತ ಎರಡು ತಾಸು ತೊಯ್ದ್ರ ತಡಾ ಮಾಡದ ದವಾಖಾನಿಗೆ ಬಾ. ಜ್ವರಾ ಇಳೀದಿದ್ರ, ವಾಸನಿ ಬಂದ್ರ, ತಲಿ ತಿರುಗಿ ಬಿದ್ರೂ ಬಾ" ಅಂದ್ಲಂತ. ಇದಕ್ಕ ಅಷ್ಟಾಗಿರಲಿಲ್ಲ. ಬೆಳಗಾಗೂದ್ರಾಗ ನೋವು ಇಳೀತು. ಎರಡು ವಾರ ಬಿಟ್ಟು ಟೆಸ್ಟ್ ಮಾಡಿ ಮುಗಿದೈತಿ ಅಂತ ಖಾತ್ರಿ ಮಾಡ್ಕೊಂಡ್ಲು.

ಆ ರಾತ್ರಿ ನನಗ ನನ್ನ 1994 ನೆನಪಾತು. ನನ್ನ ಎರಡನೇ ಕೂಸಿಗೆ ಎಂಟು ತಿಂಗಳು. ತೌರಿಗೆ ಹೋಗ್ತೀನಿ ಅಂತ ಅತ್ತಿಗೆ ಸುಳ್ಳು ಹೇಳಿ ಹೋಗಿ ತಗಿಸ್ಕೊಂಡೆ. ಆಗ ಈ ಗುಳಿಗಿ ಇರಲಿಲ್ಲ. ಗಂಡನ ಸಹಿ ಇಲ್ದ ಮುಟ್ಟಂಗಿಲ್ಲ ಅಂದ್ರು. 1971ರ ಕಾಯದೆಯೊಳಗ ವಯಸ್ಸಿಗೆ ಬಂದ ಹೆಂಗಸಿಗೆ ತನ್ನ ಸಹಿ ಒಂದ ಸಾಕಂತ ನನಗ ತಿಳದದ್ದು ಐವತ್ತು ದಾಟಿದ ಮ್ಯಾಲ. ಇದನ್ನ ನನ್ನ ತಂಗ್ಯಾರಿಗೂ ಹೇಳಿಲ್ಲ, ಇವತ್ತ ಓದಿ ತಿಳ್ಕೋತಾರ.

ಇಷ್ಟೆಲ್ಲಾ ಗೊತ್ತಿದ್ದಾಕಿ ಆ ಹುಡುಗಿಗೆ "ತಿಳಿಯಂಗಿಲ್ಲ" ಅಂದೆ. ಓಣ್ಯಾಗ ಸುದ್ದಿ ಆದೀತು, ಇಕೀಗೆ ಹೆಂಗ ಗೊತ್ತು ಅಂದಾರು ಅಂತ ಅಂಜಿಕಿ. ನಾಕು ದಿನಕ್ಕ ಆಕಿ ಗಂಡ ಮೆಡಿಕಲ್ ಅಂಗಡ್ಯಾಗಿಂದ ಚೀಟಿ ಇಲ್ದನ ಪಾಕೀಟು ತಂದಿದ್ದ. ಎಷ್ಟು ವಾರ ಅಂತ ಯಾರೂ ಕೇಳಿಲ್ಲ. ಮೂರು ತಿಂಗಳ ಸಮೀಪ ಬಂದಿತ್ತು. ಬಚ್ಚಲದಾಗ ಎಚ್ಚರ ತಪ್ಪಿ ಬಿದ್ದಾಕಿನ್ನ ಆಟೋದಾಗ ಒಯ್ದ್ರು. ಎರಡು ಬಾಟ್ಲಿ ರಕ್ತ ಏರಿಸಿ, ಉಳದದ್ದು ತಗದು, ಉಳಿಸಿದ್ರು.

ನಮ್ಮ ದೇಶದಾಗ 2015ರ ಒಂದ ವರ್ಷ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತ ಆಗ್ಯಾವ ಅಂತ ಲ್ಯಾನ್ಸೆಟ್ ಪತ್ರಿಕಿಯೊಳಗ ಅಂದಾಜು ಬಂದೈತಿ. ನೂರಕ್ಕ 73 ದವಾಖಾನಿ ಹೊರಗ, ಗುಳಿಗಿಲೆ. ಗುಳಿಗಿ ಅದ ಮಿಫೆಪ್ರಿಸ್ಟೋನ್, ಅದ ಮಿಸೊಪ್ರೊಸ್ಟಾಲ್. ಡಬ್ಲಿನ್‌ನಾಗ ಕೇಳಾಕ ಒಬ್ಬಾಕಿ ಇದ್ಲು, ನಮ್ಮ ಓಣ್ಯಾಗ ಕೌಂಟರ್ ಹಿಂದಿನವ ಇದ್ದ, ಕಟ್ಟಿ ಮ್ಯಾಲ ನಾ ಇದ್ದೆ.

ಇಲ್ಲೂ ಒಂಬತ್ತು ವಾರದ ತನಕ ಅಧಿಕಾರ ಇದ್ದ ಡಾಕ್ಟರು ತಮ್ಮ ಕ್ಲಿನಿಕ್‌ನಾಗ ಈ ಗುಳಿಗಿ ಬರಕೊಡಬಹುದು. ಹೆಸರು ಹೊರಗ ಬಿಟ್ರ 2021ರ ತಿದ್ದುಪಡಿ ಪ್ರಕಾರ ಅವರಿಗೆ ಶಿಕ್ಷಾ. ಮದಿವಿ ಆಗಿಲ್ಲ ಅಂತ ವಾಪಸ್ ಕಳಸಂಗಿಲ್ಲ ಅಂತ 2022ರ ಸೆಪ್ಟೆಂಬರ್‌ನಾಗ ಸುಪ್ರೀಂ ಕೋರ್ಟೂ ಹೇಳೈತಿ.

ಆ ಹುಡುಗಿ ಚೇತರಿಸ್ಕೊಂಡು ಮೂರು ತಿಂಗಳಿಗೆ ಕಾಪರ್-ಟಿ ಹಾಕಿಸ್ಕೊಂಡ್ಲು. ಆವತ್ತು ಜೋಡಿ ನಾ ಹೋಗಿದ್ದೆ. "ನೀವು ಇವರಿಗೆ ಏನಾಗಬೇಕ್ರಿ?" ಅಂತ ಸಿಸ್ಟರ್ ಕೇಳಿದ್ರು. ನಾ ಬಾಯಿ ತಗಿಯೂದ್ರಾಗ ಆ ಹುಡುಗಿನ "ನಮ್ಮಕ್ಕಾರು" ಅಂದ್ಲು.